ಗಾಳಿಗೆ ಅಂಜುವ ನೀಲಾ

ಮಗುವನ್ನು ತೊಟ್ಟಿಲಿಗೆ ಹಾಕಿ ಹಿಂದೆ ಸರಿದ ಕೂಡಲೇ ನೀಲಾಳ ಕಣ್ಣು ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು. ತೊಟ್ಟಿಲೆಂದರೆ ಅತ್ತೆಯ ಹಳೆಯ ಇಳಕಲ್ ಸೀರೆ. ಅದರ ಗಂಟು ಮಾಡಿನ ಕಬ್ಬಿಣದ ಪೈಪಿಗೆ. ಪೈಪಿನ ಮೇಲೆ ತಗಡು, ಆ ಸೀಮೆಯ ಮಾತಿನಲ್ಲಿ ಪತ್ರಾಸು. ಪತ್ರಾಸಿನ ಮೇಲೆ ಕಲ್ಲು, ಒಂದೊಂದೂ ಎರಡು ಕೈ ಹಚ್ಚಿ ಎತ್ತುವಂಥದ್ದು. ಗಾಳಿಗೆ ತಗಡು ಹಾರಬಾರದೆಂದು ಬಿಜ್ಜರಗಿಯ ಸುತ್ತಲಿನ ತೋಟದ ವಸ್ತಿಗಳಲ್ಲಿ ಹೀಗೆ ಕಲ್ಲು ಹೇರುವುದು ರೂಢಿ. ಹೇರಿದವರು ಇಳಿದು ಬಂದು ಅದೇ ಕಲ್ಲಿನ ಕೆಳಗೆ ಹಾಯಾಗಿ ಮಲಗುತ್ತಾರೆ. ನೀಲಾಳಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಒಂಬತ್ತು ತಿಂಗಳ ಸಮ್ಯಕ್ ತೊಟ್ಟಿಲಲ್ಲಿ ಕಾಲು ಝಾಡಿಸಿದಾಗ ಪೈಪು ಕಿರ್ರೆನ್ನುತ್ತಿತ್ತು, ಇವಳು ಎದ್ದು ಹೋಗಿ ಸೀರೆಯ ಗಂಟು ನೋಡಿ ಬರುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಹತ್ತಿರದ ಒಂದು ವಸ್ತಿಯಲ್ಲಿ ಗಾಳಿ ಎದ್ದು ತಗಡು ಎತ್ತಿತ್ತು. ತಗಡು ಹೋಗಿ ದೂರದ ಹೊಲದಲ್ಲಿ ಬಿತ್ತು, ಕಲ್ಲು ಮಾತ್ರ ನೆಟ್ಟಗೆ ಕೆಳಗೆ ಬಿತ್ತು. ಕೆಳಗೆ ಹಾಸಿಗೆಯಲ್ಲಿ ಮಗುವಿತ್ತು. ಮಣ್ಣಿಗೆ ಹೋಗಿ ಬಂದ ಅತ್ತೆ ಪರಸವ್ವ, "ಅದರ ಆಯುಷ್ಯ ಅಷ್ಟ ಇತ್ತು ಯವ್ವಾ" ಎಂದಿದ್ದಳು. ಆಗ ಬಸುರಿಯಾಗಿದ್ದ ನೀಲಾ ಊಟದ ತಾಟು ಸರಿಸಿ ಹೇಳಿದ್ದಳು: "ಆಯುಷ್ಯ ಅಲ್ಲರಿ ಅತ್ತಿ, ಕಲ್ಲು."

ಅಂಜುವುದು ಅವಳಿಗೆ ಹುಟ್ಟುಗುಣ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಸ್ಲ್ಯಾಬಿನ ಮನೆಯ ಎರಡನೇ ಮಾಳಿಗೆಯಲ್ಲಿ ಬೆಳೆದವಳು. ತಂದೆಗೆ ಸರಕಾರಿ ಆಫೀಸಿನಲ್ಲಿ ಜವಾನಿಕೆ. ಶಾಲೆಗೆ ಹೊರಟವಳು ಅರ್ಧ ದಾರಿಯಿಂದ ಓಡಿ ಬಂದು, "ಯವ್ವಾ, ಗ್ಯಾಸ್ ಬಂದ್ ಮಾಡೀಯಿಲ್ಲ?" ಎಂದು ಕೇಳಿ ಮತ್ತೆ ಓಡುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು. "ಈಕಿನ್ನ ಮಾಡ್ಕೊಂಡಾಂವ ಪುಣ್ಯವಂತ, ಮನಿಗೆ ಕಾವಲು ಬ್ಯಾರೆ ಬೇಕಾಗಿಲ್ಲ" ಎಂದು ತಾಯಿ ನಗುತ್ತಿದ್ದಳು. ಆ ಪುಣ್ಯ ಧರ್ಮರಾಜನ ಪಾಲಿಗೆ ಬಂತು. ಅವನು ನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಟಿಕೋಟಾದ ಬಸ್ಸು ಹಿಡಿದು ತೊರವಿ ದಾಟಿ ಡ್ಯೂಟಿಗೆ ಹೋದರೆ ಮರಳುವುದು ದೀಪ ಹಚ್ಚಿದ ಮೇಲೆ. ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಮದುವೆಯಾಯಿತು. ಬಿ.ಎಸ್ಸಿ. ಮುಗಿಸಿದ ನೀಲಾ ಪತ್ರಾಸಿನ ಮನೆಗೆ ಸೊಸೆಯಾಗಿ ಬಂದಳು.

ಬಂದ ವಾರದಲ್ಲೇ ಅವಳು ಮಾಡಿದ ಕೆಲಸ ವಸ್ತಿಯಲ್ಲೆಲ್ಲ ಸುದ್ದಿಯಾಯಿತು. ಅಂಗಳದ ಮೂಲೆಯಲ್ಲಿ ಸರಕಾರದ ಯೋಜನೆಯಲ್ಲಿ ಕಟ್ಟಿಕೊಟ್ಟ ಒಂದು ಸಂಡಾಸವಿತ್ತು. ಇಟ್ಟಿಗೆಯ ಗೋಡೆ, ಮೇಲೆ ಗಟ್ಟಿ ಸ್ಲ್ಯಾಬು. ಕಟ್ಟಿದಂದಿನಿಂದ ಮಾವ ಮರೆಪ್ಪ ಅದರಲ್ಲಿ ಒಲೆಗೆ ಉರಿಸುವ ಸಗಣಿಯ ಕುಳ್ಳು ಒಟ್ಟಿದ್ದ. ಕುಳ್ಳಿನ ಮೇಲೆ ಉಳ್ಳಾಗಡ್ಡಿ, ಅದರ ಮೇಲೆ ದ್ರಾಕ್ಷಿಗೆ ಔಷಧದ ಎಣ್ಣೆ ಹೊಡೆಯುವ ಪಂಪು. ಮನೆಯವರೆಲ್ಲ ಬಯಲಿಗೇ ಹೋಗುತ್ತಿದ್ದರು. ನೀಲಾ ಮದುಮಗಳ ಹಸಿರು ಬಳೆ ತೊಟ್ಟ ಕೈಯಿಂದಲೇ ಎಲ್ಲವನ್ನೂ ಹೊರಗೆ ಹಾಕಿ, ತೊಳೆದು, ಸುಣ್ಣ ಹಚ್ಚಿ, ಬಾಗಿಲಿಗೆ ಚಿಲಕ ಬಡಿಸಿದಳು. ಪಕ್ಕದ ದ್ರಾಕ್ಷಿ ತೋಟದ ಸಂಗನಬಸವ ಬೇಲಿಯಾಚೆ ನಿಂತು, "ಮರೆಪ್ಪಾ, ನಿನ್ನ ಸೊಸಿ ಉಳ್ಳಾಗಡ್ಡಿ ಎತ್ತಂಗಡಿ ಮಾಡ್ಯಾಳಲ್ಲೋ!" ಎಂದು ಕೂಗಿದ್ದ. ಅಂದಿನಿಂದ ಅವಳಿಗೆ 'ಸಂಡಾಸದ ಸೊಸಿ' ಎಂಬ ಹೆಸರು ಬಿತ್ತು. ಅನ್ನುವವರು ಅನ್ನಲಿ ಎಂದು ಅವಳು ದಿನಾ ತೊಳೆಯುತ್ತ ಹೋದಳು.

ಮಗು ಹುಟ್ಟಿದ ಮೇಲೆ ಆ ನಾಲ್ಕು ಗೋಡೆ ಅವಳಿಗೆ ಬೇರೆಯಾಗಿಯೇ ಕಾಣತೊಡಗಿತು. ಬಿರುಗಾಳಿಯಲ್ಲಿ ಜನ ಬದುಕಿ ಉಳಿದ ಬಗೆಯನ್ನು ಮೊಬೈಲಿನಲ್ಲಿ ನೋಡುತ್ತ ಕೂಡುವುದು ಅವಳಿಗೆ ಚಟವಾಗಿತ್ತು. ಸಣ್ಣ ಖೋಲಿ ಇರಬೇಕು, ಕಿಟಕಿ ಇರಬಾರದು, ಮೇಲೆ ಹಾರುವ ವಸ್ತು ಇರಬಾರದು, ಗೋಡೆಗೆ ಗೋಡೆ ಹತ್ತಿರವಿರಬೇಕು. ಶಾಲೆಯ ಕಟ್ಟಡ ದೂರ. ಮೋಟಾರಿನ ಖೋಲಿಗೂ ತಗಡೇ. ಬೇವಿನ ಗಿಡದ ಕೆಳಗೆ ನಿಲ್ಲುವುದೆಂದರೆ ಸಿಡಿಲನ್ನು ಕರೆದಂತೆ. ಹುಡುಕುತ್ತ ಹೋದರೆ ಇಡೀ ವಸ್ತಿಯಲ್ಲಿ ಉಳಿಯುತ್ತಿದ್ದುದು ಸಂಡಾಸವೊಂದೇ.

ಗಾಳಿ ಎದ್ದರೆ ಮಗುವಿನೊಡನೆ ಅಲ್ಲಿ ಕೂಡೋಣ ಎಂಬ ಮಾತು ತೆಗೆದ ದಿನ ಮರೆಪ್ಪ ಊಟ ಬಿಟ್ಟು ಎದ್ದ. ಅವನು ಸಿಟ್ಟಿನ ಮನುಷ್ಯನಲ್ಲ. ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಆಡಿನ ಹಿಂಡನ್ನೆಲ್ಲ ಹೆಸರು ಹಿಡಿದು ಪರಿಚಯಿಸುವವನು. ಆದರೆ ಆ ದಿನ ಅವನ ದನಿ ನಡುಗಿತು. "ನಮ್ಮ ಹಿರ್ಯಾರು ಊರ ಹೊಲಸಿನ ಬಾಜೂಕ ಬಾಳೇ ಮಾಡಿ ಸತ್ರು. ಅದನ್ನ ದಾಟಿ ಬರಾಕ ನಾ ಸ್ವಂತ ಹೊಲದಾಗ ಈ ಮನಿ ಕಟ್ಟೀನಿ. ನನ್ನ ಮೊಮ್ಮಗನ್ನ ಮತ್ತ ಒಯ್ದು ಅಲ್ಲೇ ಕುಂಡ್ರಸ್ತೀಯೇನು?"

ನೀಲಾಳಿಗೆ ಕಣ್ಣು ತುಂಬಿ ಬಂದವು. ಆದರೂ ಹೇಳಿದಳು: "ಅದು ಹೊಲಸಲ್ಲರಿ ಮಾವಾರ. ದಿನಾ ನನ್ನ ಕೈಯಾರೆ ತೊಳೀತೀನಿ. ಗಾಳಿಗೆ ಅದರ ಹೆಸರು ಗೊತ್ತಿಲ್ಲ."

ಮರೆಪ್ಪನ ಮಾತಿಗೆ ಇನ್ನೊಂದು ಬೇರೂ ಇತ್ತು. ಧರ್ಮರಾಜ ಮತ್ತು ಅವನ ತಂಗಿ ಮೇಘಾ ಚಿಕ್ಕವರಿದ್ದಾಗ ಒಮ್ಮೆ ಭಾರಿ ಗಾಳಿ ಎದ್ದು ಮಾಡು ಏಳತೊಡಗಿತಂತೆ. ಮರೆಪ್ಪ ಎರಡೂ ಕೈಯಿಂದ ಪೈಪಿಗೆ ಜೋತುಬಿದ್ದ, ಪರಸವ್ವ ಅವನ ನಡುವಿಗೆ ಜೋತುಬಿದ್ದಳು, ಮಾಡು ಉಳಿಯಿತು. ಬಲದ ರಟ್ಟೆ ಮಾತ್ರ ಅಂದಿನಿಂದ ಪೂರಾ ಮೇಲೇಳುವುದಿಲ್ಲ. ಊರಲ್ಲಿ ಅವನ ಹೆಸರೇ 'ಪತ್ರಾಸ ಹಿಡದ ಮರೆಪ್ಪ'. ಬೀಗರು ಬರಲಿ, ಬೀಜದಂಗಡಿಯವರು ಬರಲಿ, ಚಹಾದ ಜೊತೆ ಈ ಕತೆ ತಪ್ಪುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಆ ಸೀಮೆಯ ಗಂಡಸರೆಲ್ಲ ಗಾಳಿ ಎದ್ದರೆ ಮೊದಲು ಓಡುವುದು ಪೈಪಿನ ಕಡೆಗೇ. ಅದು ಗಂಡಸುತನ, ಅದು ಮನೆತನದ ಮಾನ.

ಒಂದು ಮಧ್ಯಾಹ್ನ ಮಾವ ಆಡು ಮೇಯಿಸಲು ಹೋದಾಗ ನೀಲಾ ಏಣಿ ಹಚ್ಚಿ ತೊಟ್ಟಿಲಿನ ಮೇಲ್ಭಾಗದ ಕಲ್ಲುಗಳಷ್ಟನ್ನೂ ಇಳಿಸಿದಳು. ಮರೆಪ್ಪ ಬಂದು ನೋಡಿದ.

"ಯಾರು ಇಳಿಸ್ಯಾರ?"

"ನಾನರಿ."

"ಮನಿ ಹಾರ್ಲಿ ಅಂತೇನು?"

"ಬೋಲ್ಟ್ ಹಾಕಿಸೂಣರಿ, ಅವರ ಡಿಪೋದ ಮಂದೀನ ಬಂದು ಹಾಕ್ತಾರ."

"ಏ ಪರಸವ್ವಾ, ನಿನ್ನ ಸೊಸಿ ಗೋಳಗುಮ್ಮಟಾ ಕಟ್ಟಿ ಬಂದಾಳಂತ ನೋಡಬೇ! ನಮಗ ಮನಿ ಕಲಸ್ತಾಳಂತ!"

ಸಂಜೆಯೊಳಗೆ ಒಂದೇ ರಟ್ಟೆಯ ಬಲದಲ್ಲಿ ಆ ಮುದುಕ ಕಲ್ಲನ್ನೆಲ್ಲ ಮತ್ತೆ ಮೇಲೇರಿಸಿದ. ಧರ್ಮರಾಜ ಬಂದವನು ಹೆಂಡತಿಯ ದೂರು ಕೇಳಿ ತಲೆ ಕೆರೆದುಕೊಂಡ: "ಅಪ್ಪಾ ಇರೂತನಕ ಆ ಮಾಡಿಗೆ ನಾ ಬೋಲ್ಟಿನ ಪಾನಾ ಹಚ್ಚಂಗಿಲ್ಲ ನೀಲಾ. ಬಸ್ಸು ಎಂಥಾದಿದ್ರೂ ಬಿಚ್ಚಿ ಜೋಡಸ್ತೀನಿ. ಇದು ಆಗೂದಿಲ್ಲ." ಮರುದಿನ ನೀಲಾ ಮತ್ತೆ ಏಣಿ ಹತ್ತಹೋದಳು. ಮರೆಪ್ಪ ಏಣಿಯನ್ನೇ ಒಯ್ದು ಸಂಗನಬಸವನ ತೋಟದಲ್ಲಿಟ್ಟು ಬಂದ.

ಇದಕ್ಕೂ ಮೊದಲೇ ನಾದಿನಿ ಮೇಘಾಳ ಜೊತೆ ಕೆಟ್ಟಿತ್ತು. ಮೇಘಾಳ ಗಂಡನ ಮನೆ ಬಬಲೇಶ್ವರ. ಅಲ್ಲಿಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರದೂ ದುಡಿಮೆ. ಶೆಡ್ಡಿನ ಪಕ್ಕದ ತಗಡಿನ ಖೋಲಿಯಲ್ಲಿ ಎರಡು ಮಕ್ಕಳೊಂದಿಗೆ ವಾಸ. ಸಮ್ಯಕ್‌ಗೆ ಹೆಸರಿಟ್ಟ ದಿನ ಅವಳು ಅತ್ತೆ ಮಾವಂದಿರ ಸಮೇತ ಬಂದಿದ್ದಳು. ಪಂಚಶೀಲ ಪಠಣ ಮುಗಿದು ಪಂಕ್ತಿ ಕೂತಾಗ ಹಿಂಗಾರಿಯ ಗಾಳಿ ಒಂದು ಸಲ ಭರ್ರೆಂದು ಬೀಸಿತು, ತಗಡು ಢಬಢಬ ಅಂದಿತು. ನೀಲಾ ಮಗುವನ್ನು ಬಾಚಿ ತಬ್ಬಿ, ಬೀಗರೆಲ್ಲರ ನಡುವೆ ಓಡಿ ಹೋಗಿ, ಸಂಡಾಸದಲ್ಲಿ ಕೂತು ಚಿಲಕ ಹಾಕಿಕೊಂಡಳು. ಗಾಳಿ ಅಷ್ಟಕ್ಕೇ ನಿಂತಿತು. ಹೊರಗೆ ಬಂದರೆ ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು.

ಮೇಘಾ ನಗಲಿಲ್ಲ. ಅವಳ ಮುಖ ಕೆಂಡವಾಗಿತ್ತು. "ಏನ ವೈನಿ, ಹೆಸರಿಟ್ಟ ದಿನಾನ ಕೂಸಿನ್ನ ಸಂಡಾಸದಾಗ ಒಯ್ದು ಕುಂಡ್ರಿಸಿದ್ಯಲ್ಲ! ನಮ್ಮ ಅತ್ತಿ ಮುಂದ ನಾ ಯಾವ ಮಾರಿ ತೋರಸ್ಲಿ?"

ಆಗ ನೀಲಾಳ ಬಾಯಿಂದ ಮಾತು ಜಾರಿತು: "ನಿನ್ನ ಮಾರಿ ಬಿಡು ಮೇಘಾ. ನಿನ್ನ ಹುಡುಗ್ರ ತಲಿ ಮ್ಯಾಲ ಅಲ್ಲಿ ಏನ ಹೇರೀರಿ ಅದನ್ನ ಮದ್ಲ ನೋಡು. ಒಂದಿನಾ ಬಿದ್ದರ ಗೊತ್ತಾಕ್ಕೈತಿ."

ಎಚ್ಚರಿಕೆಯೆಂದು ಆಡಿದ ಮಾತು ಬೀಗರ ಕಿವಿಗೆ ಶಾಪವಾಗಿ ಬಿತ್ತು. ಮೇಘಾ ಎಲೆ ಬಿಟ್ಟೆದ್ದು ಮಕ್ಕಳ ಕೈ ಹಿಡಿದು ಹೊರಟೇ ಹೋದಳು. ಅಂದಿನಿಂದ ಅವಳೂ ಫೋನು ಮಾಡಲಿಲ್ಲ, ಇವಳೂ ಮಾಡಲಿಲ್ಲ. ಎಷ್ಟೋ ಸಲ ಹೆಸರು ತೆಗೆದು ನೋಡಿ, ಕ್ಷಮೆ ಕೇಳಬೇಕೋ ಅದೇ ಮಾತನ್ನು ಮತ್ತೆ ಹೇಳಬೇಕೋ ತಿಳಿಯದೆ ನೀಲಾ ಮೊಬೈಲನ್ನು ಕೆಳಗಿಡುತ್ತಿದ್ದಳು.

ಈ ವರ್ಷದ ಮೇ ತಿಂಗಳು. ಧರ್ಮರಾಜ ಡ್ಯೂಟಿಯ ಮೇಲಿದ್ದ. ಬೆಳಗಿನಿಂದ ಎಲೆ ಅಲುಗದಂಥ ಧಗೆ. ಊಟವಾದ ಮೇಲೆ ಆಡುಗಳು ತಾವಾಗಿಯೇ ಬಂದು ಗೋಡೆಗೆ ಮೈ ಒತ್ತಿ ನಿಂತವು. ನೀಲಾ ಹೊರಗೆ ಬಂದು ಪಡುವಣಕ್ಕೆ, ಜತ್ತ ಊರಿನ ಕಡೆ ನೋಡಿದಳು. ಮುಗಿಲು ಕಪ್ಪಾಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಅದು ಹಸಿರುಗಪ್ಪಾಗಿತ್ತು. ಅದರ ಕೆಳಗೆ ನೆಲದಿಂದ ಎದ್ದ ಕೆಂಪು ದೂಳು ಗೋಡೆಯಂತೆ ಬರುತ್ತಿತ್ತು. ಗೋಡೆಯ ನಡುವೆ ಒಂದು ಕಡೆ ಬಾವಿಯ ನೀರು ಸುಳಿ ತಿರುಗಿದಂತೆ ದೂಳು ಗರಗರ ತಿರುಗುತ್ತ ಮೇಲೇರುತ್ತಿತ್ತು.

ಅವಳು ಒಳಗೋಡಿ ತೊಟ್ಟಿಲಿನಿಂದ ಸಮ್ಯಕ್‌ನನ್ನು ಎತ್ತಿಕೊಂಡಳು. "ಅತ್ತೀ, ಏಳ್ರಿ! ಮಾವಾರ, ನಡೀರಿ! ಗಾಳಿ ಬಂತು!"

"ದಿನಾ ಬರ್ತೈತಿ ನಿನ್ನ ಗಾಳಿ" ಎನ್ನುತ್ತ ಮರೆಪ್ಪ ಬಾಗಿಲಿಗೆ ಬಂದ. ನೋಡಿದ. ತಿರುಗಿ ಒಳಗೆ ಹೋಗಿ, ತಲೆಗೆ ಟವೆಲು ಬಿಗಿದು, ಎಡಗೈಯಿಂದ ಪೈಪು ಹಿಡಿದು, ಬಲಗೈಯನ್ನು ಕಷ್ಟಪಟ್ಟು ಮೇಲೆತ್ತಿ ಅದರ ಜೊತೆ ಸೇರಿಸಿದ. "ಪರಸವ್ವಾ, ಬಾ ಬೇ. ನಡಾ ಹಿಡಿ."

ಪರಸವ್ವ ಎದ್ದು ನಿಂತಳು. ಗಂಡನ ಕಡೆ ನೋಡಿದಳು, ಸೊಸೆಯ ತೋಳಲ್ಲಿದ್ದ ಮಗುವಿನ ಕಡೆ ನೋಡಿದಳು. ಮೇಲೆ ತಗಡು ಮೆಲ್ಲಗೆ ನಡುಗತೊಡಗಿತ್ತು.

"ನಾ ಹಿಡ್ಯಾಂಗಿಲ್ಲ" ಎಂದಳು.

"ಏನಂದಿ?"

"ಆವತ್ತ ನಿನ್ನ ನಡಾ ಹಿಡಕೊಂಡಾಗ ನನ್ನ ಕಾಲು ನೆಲಾ ಬಿಟ್ಟಿದ್ವು. ನಿನ್ನವೂ ಬಿಟ್ಟಿದ್ವು. ಆವತ್ತ ಗಾಳಿನ ನಮ್ಮನ್ನ ಕೆಳಗ ಇಳಿಸಿ ಹೋತು. ನೀ ಹಿಡದಿ ಅಂತ ಊರೆಲ್ಲಾ ಹೇಳ್ಕೋತ ಅಡ್ಡ್ಯಾಡಿದಿ, ಗಂಡನ ಮಾತಂತ ನಾ ಸುಮ್ಮನಿದ್ದೆ. ಇವತ್ತ ಕೂಸೈತಿ." ಮೂಲೆಯ ಕೌದಿಯನ್ನು ಎಳೆದುಕೊಂಡು ಅವಳು ಸೊಸೆಯತ್ತ ಕೈ ಚಾಚಿದಳು. "ತಾ ಇಲ್ಲಿ."

ಅತ್ತೆ ಸೊಸೆ ಅಂಗಳವನ್ನು ಓಡಿ ದಾಟಿದರು. ದೂಳು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಪರಸವ್ವ ಮಗುವನ್ನು ಕೌದಿಯಲ್ಲಿ ಸುತ್ತಿ ಸಂಡಾಸದ ಮೂಲೆಯಲ್ಲಿ ಕೂತು, ಅದರ ತಲೆಯ ಮೇಲೆ ತನ್ನ ತಲೆ ಬಾಗಿಸಿದಳು. ನೀಲಾ ಬಾಗಿಲಲ್ಲಿ ನಿಂತು ಒದರಿದಳು: "ಮಾವಾರ! ಬರ್ರಿ!"

"ಮನಿ ಬಿಟ್ಟ ಬರಾಂವಲ್ಲ ನಾ!"

ನೀಲಾಳಿಗೆ ಅಂಜಿಕೆಯ ಬೆನ್ನಿಗೇ ಒಂದು ಸಿಟ್ಟು ಎದ್ದು ಬಂತು. ಈ ಗಾಳಿಯ ಮೇಲೆ, ಆ ಕಲ್ಲುಗಳ ಮೇಲೆ, ಒಂದು ಪೈಪಿಗಾಗಿ ಜೀವ ಕೊಡುವುದನ್ನು ಮಾನವೆಂದು ತಿಳಿದ ಇವರೆಲ್ಲರ ಮೇಲೆ. ಅವಳು ತಿರುಗಿ ಮನೆಯೊಳಗೆ ನುಗ್ಗಿದಳು. ಮಾವನ ಎದುರು ಸೆರಗು ಜಾರಗೊಡದ ಸೊಸೆ ಅವನ ಬೆರಳುಗಳನ್ನು ಹಿಡಿದು ಬಿಡಿಸಲು ಹೋದಳು. ಬೆರಳು ಕಬ್ಬಿಣದಂತೆ ಕೂತಿದ್ದವು. ತಗಡಿನ ಒಂದು ಅಂಚು ಮೇಲೆದ್ದು ಬೆಳಕು ಒಳಗೆ ಬಿತ್ತು. ಮರೆಪ್ಪನ ಹಿಮ್ಮಡಿ ನೆಲ ಬಿಟ್ಟಿತು.

"ಕೈ ಬಿಡ್ರಿ!"

"ಹೋಗ ಹುಚ್ಚೀ! ನಿನ್ನ ಕೂಸಿನ ಕಡೆ ಹೋಗು!"

ನೀಲಾ ಮತ್ತೇನೂ ಯೋಚಿಸಲಿಲ್ಲ. ಬಗ್ಗಿ ಮಾವನ ಧೋತರದ ಕಚ್ಚೆಗೆ ಎರಡೂ ಕೈ ಹಾಕಿ ಜಗ್ಗಿದಳು. ಕಚ್ಚೆ ಬಿಚ್ಚಿತು. "ಏ! ಏ! ಏ ನೀಲಾ!" ಎಂದು ಕೂಗಿದ ಮರೆಪ್ಪ ಎರಡೂ ಕೈಯಿಂದ ಧೋತರ ಹಿಡಿದುಕೊಂಡ. ಪೈಪು ಕೈ ತಪ್ಪಿತು. ಅವನು ಧೋತರವನ್ನು ಸಾವರಿಸುವುದರೊಳಗೆ ನೀಲಾ ಹಿಂದಿನಿಂದ ಅವನ ಬೆನ್ನಿಗೆ ಎರಡೂ ಅಂಗೈ ಒತ್ತಿ ಬಾಗಿಲಾಚೆ ದಬ್ಬಿದಳು. ಹಾಗೇ ಅಂಗಳದುದ್ದಕ್ಕೂ ಒಂದು ಕೈಯಲ್ಲಿ ಧೋತರ ಹಿಡಿದ ಮಾವ, ಅವನನ್ನು ಆಡಿನಂತೆ ದಬ್ಬುತ್ತ ಸೊಸೆ, ಇಬ್ಬರೂ ಸಂಡಾಸದೊಳಗೆ ಬಿದ್ದರು. ಅವಳು ಚಿಲಕ ಹಾಕಿದಳು. ಗಾಳಿ ಬಾಗಿಲನ್ನು ಹಿಡಿದು ಅಲುಗಾಡಿಸಿತು. ಮರೆಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಕೂತ.

"ತಲಿ ಬಗ್ಗಸ್ರಿ" ಎಂದಳು ನೀಲಾ. ಮರೆಪ್ಪ ಬಗ್ಗಿಸಿದ. ಅವಳೂ ಅತ್ತೆಗೆ ಆತು ಕೂತು, ಮಗುವಿನ ಸುತ್ತ ಕೈ ಹಾಕಿದಳು.

ಆಮೇಲೆ ಬಂದದ್ದು ಗಾಳಿಯ ಸದ್ದಿನಂತಿರಲಿಲ್ಲ. ತುಂಬ ಕಬ್ಬಿಣ ಹೇರಿಕೊಂಡ ಗಾಡಿಯೊಂದು ತಲೆಯ ಮೇಲೆಯೇ ಹಾದಂತಿತ್ತು. ಒಂದು ದೊಡ್ಡ ಸೀಳುವ ಶಬ್ದ. ಅದರ ಬೆನ್ನಿಗೆ ಧಪ್, ಧಪ್, ಧಪ್ ಎಂದು ಕಲ್ಲು ಬಿದ್ದ ಸದ್ದು. ಮಗು ಅಳು ನಿಲ್ಲಿಸಿ ಕಣ್ಣಗಲಿಸಿತು. ಪ್ರತಿ ಸದ್ದಿಗೂ ಮರೆಪ್ಪನ ಭುಜ ಹಾರಿ ಬೀಳುತ್ತಿತ್ತು. ತನ್ನ ಕೈಯಾರೆ ಏರಿಸಿದ ಕಲ್ಲುಗಳು ಅವು. ಸ್ಲ್ಯಾಬು ಮಿಸುಕಲಿಲ್ಲ.

ಆಲಿಕಲ್ಲು ಬಿದ್ದು, ಮಳೆ ಬಿದ್ದು, ಅದೂ ನಿಂತ ಮೇಲೆ ಅವರು ಹೊರಬಂದರು. ಮನೆಯ ಗೋಡೆಗಳು ನಿಂತಿದ್ದವು, ಮೇಲೆ ಬರೀ ಮುಗಿಲು. ತೊಟ್ಟಿಲಿದ್ದ ಜಾಗದಲ್ಲಿ ಎರಡು ಕಲ್ಲು ನೆಲದಲ್ಲಿ ಹೂತಿದ್ದವು. ಪೈಪು ಸಂಗನಬಸವನ ದ್ರಾಕ್ಷಿ ಬಳ್ಳಿಗಳ ನಡುವೆ ಬಾಗಿ ಬಿದ್ದಿತ್ತು. ಗೋಡೆಗೆ ಒತ್ತಿ ನಿಂತಿದ್ದ ಆಡುಗಳಲ್ಲಿ ಒಂದು ಕುಂಟುತ್ತಿತ್ತು, ಉಳಿದವು ಆಗಲೇ ಉದುರಿದ ಬೇವಿನ ಸೊಪ್ಪಿಗೆ ಬಾಯಿ ಹಾಕಿದ್ದವು. ಮರೆಪ್ಪ ಆ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದರ ಮೇಲೆ ಕೈಯಿಟ್ಟು, ತೆಗೆದ.

"ಇದನ್ನ ನಾನ ಇಟ್ಟಿದ್ದೆ" ಎಂದ, ಯಾರಿಗೂ ಅಲ್ಲ ಎಂಬಂತೆ.

ನೀಲಾ ಮುಗಿಲು ನೋಡುತ್ತಿದ್ದಳು. ಆ ಹಸಿರುಗಪ್ಪು ಮೋಡ ಕರಗಿರಲಿಲ್ಲ. ಮಿಂಚು ಉಗುಳುತ್ತ ಆಗ್ನೇಯಕ್ಕೆ ಸರಿದಿತ್ತು. ಆ ದಿಕ್ಕಿಗೆ ಬಬಲೇಶ್ವರ. ಶೆಡ್ಡಿನಲ್ಲಿ ಈಗ ಕಡೆಯ ದ್ರಾಕ್ಷಿ ಒಣಗುವ ದಿನ. ಗಾಳಿ ಎದ್ದರೆ ಮಾಲು ತೋಯಬಾರದೆಂದು ಆಳುಗಳೆಲ್ಲ ಮೇಲೆ ಹೊದಿಸಿದ ತಾಡಪಾಲಿನ ಹಗ್ಗ ಹಿಡಿದು ನಿಲ್ಲುತ್ತಾರೆ, ಮಕ್ಕಳನ್ನು ತಗಡಿನ ಖೋಲಿಯಲ್ಲಿ ಕೂಡಿ ಹಾಕಿರುತ್ತಾರೆ. ಧರ್ಮರಾಜನ ಚಿಂತೆಯಿಲ್ಲ, ಡಿಪೋಗೆ ಗಟ್ಟಿ ಛಾವಣಿಯಿದೆ. ಅವಳು ಕುಪ್ಪಸದೊಳಗಿನಿಂದ ಮೊಬೈಲು ತೆಗೆದಳು. ಮೇಘಾಳ ಹೆಸರಿನ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಮತ್ತೆ ಶಾಪವೆಂದು ತಿಳಿಯಲಿ, ಜನ್ಮಪೂರ್ತಿ ಮಾತು ಬಿಡಲಿ. ಅವಳು ಒತ್ತಿದಳು.

ಬಹಳ ಹೊತ್ತು ರಿಂಗಾಯಿತು. "ಏನ ವೈನಿ?" ಮೇಘಾಳ ದನಿ ಗಡುಸಾಗಿತ್ತು, ಹಿಂದೆ ಜನ ಒದರಾಡುವ ಗದ್ದಲ. "ಲಗೂನ ಹೇಳು, ಮ್ವಾಡ ಏರೈತಿ, ಹಗ್ಗ ಹಿಡ್ಯಾಕ ಹೊಂಟೀನಿ."

"ಹಗ್ಗ ಬಿಡು. ಹುಡುಗ್ರು ಎಲ್ಲೆದಾರ?"

"ಖೋಲ್ಯಾಗ."

"ತಕ್ಕೊಂಡು ಹೊರಗ ಬಾ. ಅಲ್ಲಿ ಸ್ಲ್ಯಾಬಿಂದು ಏನೈತಿ?"

"ಸ್ಲ್ಯಾಬಿಂದು..." ಮೇಘಾ ತಡೆದಳು. "ಆಳುಗಳ ಸಂಡಾಸ ಐತಿ. ವೈನಿ, ಮತ್ತ ಸುರು ಮಾಡಿದ್ಯಾ? ಮಾಲಿಕ ಇಲ್ಲೇ ನಿಂತಾನ, ಮಂದಿ ನೋಡಾಕತ್ತಾರ..."

"ನೋಡ್ಲಿ! ನಗ್ಲಿ! ನಮ್ಮ ಮನಿ ಮಾಡು ಹೋತು ಮೇಘಾ. ತೊಟ್ಟಲ ಇದ್ದಲ್ಲಿ ಕಲ್ಲ ಬಿದ್ದಾವ. ಕೂಸು ನನ್ನ ಕೈಯಾಗೈತಿ, ಅವ್ವಾ ಅಪ್ಪಾ ಆರಾಮದಾರ. ಅದ ಗಾಳಿ ಈಗ ನಿನ್ನ ಕಡೆ ಹೊಂಟೈತಿ."

ಮರೆಪ್ಪ ಎದ್ದು ಬಂದು ಕೈ ಚಾಚಿದ. ನೀಲಾ ಮೊಬೈಲನ್ನು ಅವನ ಬಾಯಿಯ ಹತ್ತಿರ ಹಿಡಿದಳು.

"ಮೇಘಾ, ನಾ ನಿಮ್ಮಪ್ಪ" ಎಂದ ಮರೆಪ್ಪ. "ನಾನೂ ಈಗ ಅಲ್ಲೇ ಕುಂತು ಎದ್ದ ಬಂದೀನಿ. ಹಗ್ಗ ಹಿಡೀಬ್ಯಾಡ. ಯಾರ ಹೇಳಿದ್ರೂ ಹಿಡೀಬ್ಯಾಡ. ವೈನಿ ಹೇಳಿದಂಗ ಮಾಡು."

ಫೋನಿನಲ್ಲಿ ಓಡುವ ಹೆಜ್ಜೆ ಕೇಳಿಸಿತು. ಮಕ್ಕಳ ಹೆಸರು ಕೂಗುವ ದನಿ, ಗಾಳಿಯ ಮೊದಲ ಸಿಳ್ಳು, ಯಾರೋ ಗಂಡಸು "ಏ ಮೇಘಾ, ಎಲ್ಲಿ ಹೊಂಟಿ?" ಎಂದು ಗದರಿದ್ದು.

"ಅವಂಗೂ ಬಾ ಅನ್ನು" ನೀಲಾ ಮಗುವನ್ನು ಇನ್ನಷ್ಟು ಬಿಗಿಯಾಗಿ ಸೊಂಟಕ್ಕೆ ಒತ್ತಿಕೊಂಡು ಕೂಗಿದಳು. "ಎಲ್ಲಾರ್ನೂ ಕರಿ. ಚಿಲಕಾ ಹಾಕು, ಹುಡುಗ್ರ ತಲಿ ಬಗ್ಗಸು. ಫೋನ್ ಇಡಬ್ಯಾಡ ಮೇಘಾ, ನಾ ಇಲ್ಲೇ ಅದೀನಿ."